ಹಳಿ ಏರಿದ ಬ್ಯೂಕ್ ಕಾರು

ಜನರಿಲ್ಲದ ಮಾರ್ಗಕ್ಕೆ ಉಗಿ ಎಂಜಿನ್ನು ಎಂದರೆ ಮನೆಯಳಿಯ ಇದ್ದಂತೆ. ಹೊರಡುವ ಗಂಟೆಗಟ್ಟಲೆ ಮುಂಚೆ ಒಲೆ ಹಚ್ಚಬೇಕು, ದಾರಿಯುದ್ದಕ್ಕೂ ಕಲ್ಲಿದ್ದಲು ನೀರು ಉಣಿಸಬೇಕು, ಸೇವೆಗೆ ಡ್ರೈವರ್, ಫೈರ್‌ಮನ್, ಗಾರ್ಡ್ ಬೇರೆ. ಇಷ್ಟೆಲ್ಲ ಮಾಡಿ ಸಾಗಿಸುವುದು ನಾಲ್ಕು ಜನ, ಒಂದಿಷ್ಟು ಅಂಚೆ ಚೀಲ!

ಅಮೆರಿಕದ ಕೊಲರಾಡೊದ ರಿಯೊ ಗ್ರಾಂಡೆ ಸದರ್ನ್ ಕಂಪನಿಗೆ ಇದೇ ಪಾಡು. ಡುರಾಂಗೊದಿಂದ ರಿಜ್‌ವೇವರೆಗೆ 162 ಮೈಲಿ ಬೆಟ್ಟದ ದಾರಿ, ಮೂರಡಿ ಅಗಲದ ಹಳಿ. ಬೆಳ್ಳಿ ಗಣಿಗಳ ಭರಾಟೆ ಇಳಿದಿತ್ತು. ಅಂಚೆ ಗುತ್ತಿಗೆಯೂ ಕೈತಪ್ಪಿದರೆ ಕಂಪನಿ ಮುಚ್ಚುವುದೊಂದೇ ಬಾಕಿ. 1931ರಲ್ಲಿ ಅದರ ವರ್ಕ್‌ಶಾಪಿನವರು ಹಳೆಯ ಬ್ಯೂಕ್ ಕಾರೊಂದಕ್ಕೆ ರೈಲು ಚಕ್ರ ತೊಡಿಸಿ, ಹಿಂದೆ ಸಾಮಾನಿನ ಡಬ್ಬಿ ಕಟ್ಟಿ ಹಳಿಗೆ ಬಿಟ್ಟರು. ಇಡೀ ಬಂಡಿಗೆ ಒಬ್ಬ ಡ್ರೈವರ್ ಸಾಕು. ಕೀಲಿ ತಿರುಗಿಸಿದರೆ ಹೊರಟಿತು. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜಿನ ರೈಲ್‌ಬಸ್ ಹತ್ತಿದವರಿಗೆ ಈ ಜಾತಿಯ ಪರಿಚಯ ಹೇಳಬೇಕಿಲ್ಲ.

ಮುಂದಿನ ವರ್ಷಗಳಲ್ಲಿ ಇಂಥವು ಒಟ್ಟು ಏಳಾದವು. 3, 4, 5, 7ನೇ ನಂಬರಿನವಕ್ಕೆ ಶ್ರೀಮಂತರ ಪಿಯರ್ಸ್-ಆರೋ ಕಾರುಗಳ ಮೈಯೇ ಬಂತು. ಮುಂದೆ ಕಾರು, ಹಿಂದೆ ಡಬ್ಬಿ, ಎರಡರ ನಡುವೆ ಕೀಲು. ಸವೆದ ಹಳಿಯ ಮೇಲೆ ಕಾರು ಒಂದು ಕಡೆ, ಡಬ್ಬಿ ಇನ್ನೊಂದು ಕಡೆ ವಾಲುತ್ತಿತ್ತು.

ನಿಜವಾದ ತಾಪತ್ರಯ ಏರಿನಲ್ಲಿ. ಲಿಜರ್ಡ್ ಹೆಡ್ ಕಣಿವೆ ದಾರಿ 10,250 ಅಡಿ ಎತ್ತರದ್ದು. ಅಲ್ಲಿ ಗಾಳಿ ತೆಳು. ಪೆಟ್ರೋಲ್ ಎಂಜಿನ್ನಿನ ಶಕ್ತಿಯಲ್ಲಿ ಮೂರನೇ ಒಂದು ಪಾಲಿನ ಹತ್ತಿರ ಖೋತಾ. ರೇಡಿಯೇಟರಿನ ನೀರು ಕುದಿಯಲು 90 ಡಿಗ್ರಿ ಸಾಕು. ಮೇಲಾಗಿ ಏರಿನಲ್ಲಿ ವೇಗವಿಲ್ಲ, ಎಂಜಿನ್ ತಣಿಸಲು ಎದುರುಗಾಳಿಯೂ ಇಲ್ಲ. ಡ್ರೈವರುಗಳು ಬಾನೆಟ್ಟಿನ ಎರಡು ಪಕ್ಕದ ತಗಡು ಎತ್ತಿಟ್ಟುಕೊಂಡೇ ಓಡಿಸುತ್ತಿದ್ದರು. ರೆಕ್ಕೆ ಬಿಚ್ಚಿ, ಓಲಾಡುತ್ತ, ಹಾರ್ನ್ ಊದುತ್ತ ಬರುವ ಬಂಡಿಯನ್ನು ಜನ ‘ಗ್ಯಾಲಪಿಂಗ್ ಗೂಸ್’, ಅಂದರೆ ನಾಗಾಲೋಟದ ಹೆಬ್ಬಾತು ಎಂದು ಕರೆದದ್ದರಲ್ಲಿ ಆಶ್ಚರ್ಯವೇನಿದೆ? ಕಂಪನಿಯ ಕಾಗದಪತ್ರದಲ್ಲಿ ಮಾತ್ರ ಗಂಭೀರವಾಗಿ ‘ಮೋಟರ್’.

ಹಗುರ ಮೈ ಎರಡು ಬಾಯಿಯ ಕತ್ತಿ. ಹಳೆಯ ಮರದ ಸೇತುವೆಗಳಿಗೆ ಆರಾಮ, ಪೆಟ್ರೋಲಿಗೂ ಉಳಿತಾಯ. ಆದರೆ ಹಿಮ ಬಿದ್ದಾಗ ತೂಕವಿಲ್ಲದ ಚಕ್ರಕ್ಕೆ ಹಿಡಿತವೇ ಇಲ್ಲ, ನಿಂತಲ್ಲೇ ಗಿರಗಿರ. ಆಗ ಅದೇ ಮನೆಯಳಿಯ ಉಗಿ ಎಂಜಿನ್ನನ್ನು ಕರೆಸಿ ಹಿಮ ತಳ್ಳಿಸಬೇಕು.

1950ರಲ್ಲಿ ಅಂಚೆ ಗುತ್ತಿಗೆಯೂ ಹೋಯಿತು. ಸಾಮಾನಿನ ಡಬ್ಬಿಗೆ ಕಿಟಕಿ ಕೊರೆದು, ಸೀಟು ಹಾಕಿ ಪ್ರವಾಸಿಗರನ್ನು ಕೂರಿಸಿದರೂ ಕಂಪನಿ ಉಳಿಯಲಿಲ್ಲ. ದುರಸ್ತಿ ಕೆಲಸಕ್ಕೆಂದೇ ಕಟ್ಟಿದ್ದ 6ನೇ ನಂಬರಿನ ಹೆಬ್ಬಾತಿಗೆ ಕೊನೆಗೆ ಸಿಕ್ಕ ಕೆಲಸ ಹಳಿ ಕೀಳುವವರಿಗೆ ನೆರವಾಗುವುದು.