ಭರಣಿ ಒಡದಾಕಿ

ಕಳೆದ ಭಾನುವಾರ ನನ್ನ ಆರು ವರ್ಷದ ಮಗ ಅಜ್ಜಿಯ ಕನ್ನಡಕ ಹುಡುಕಿಕೊಟ್ಟು, "ನಾನಿ, ಆಪ್ ಚಿಂತಾ ಮತ್ ಕೀಜಿಯೇ" ಅಂದ. ಅಜ್ಜಿ ಧಾರವಾಡದವಳು, ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಮನೆಯೊಳಗೆ ಕನ್ನಡ, ಕೆಳಗೆ ಆಡುವ ಹುಡುಗರದ್ದು ಮರಾಠಿ. ಮುಂಬೈಯ ಬೀದಿಯಲ್ಲಂತೂ ಯಾರೂ ಯಾರಿಗೂ 'ಕೀಜಿಯೇ' ಅನ್ನುವುದಿಲ್ಲ. ಇದು ಟಿವಿಯಲ್ಲಿ ಹಿಂದಿಯಲ್ಲಿ ಬರುವ ಜಪಾನಿ ಕಾರ್ಟೂನ್ ಡೋರೆಮಾನ್‌ನ ಪ್ರಸಾದ. ಅವ್ವ ಅವನನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದಳು. "ಮದಲ ಆ ಟಿವಿ ಬಂದ್ ಮಾಡು."

2013ರಲ್ಲಿ ಬಾಂಗ್ಲಾದೇಶ ಸರ್ಕಾರ ಹಿಂದಿ ಡೋರೆಮಾನ್ ಬಂದ್ ಮಾಡಿತ್ತು, ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಮಾತಾಡತೊಡಗಿದ್ದಾರೆಂದು. ಆ ಸುದ್ದಿ ಓದಿ ಆಗ ನಕ್ಕಿದ್ದೆ. ಆಗ ನನಗೆ ಮಗ ಇರಲಿಲ್ಲ.

ಮಕ್ಕಳ ಟಿವಿಯವರು ಎಡವುವುದು ಹೊಸತೇನಲ್ಲ. ಜೇಡ ಏನೂ ಮಾಡುವುದಿಲ್ಲ, ಹೆದರಬೇಡ ಎಂದು ಬ್ರಿಟನ್ನಿನ ಪೆಪ್ಪಾ ಪಿಗ್ ಹೇಳಿಕೊಟ್ಟಿತು. ವಿಷದ ಜೇಡಗಳಿರುವ ಆಸ್ಟ್ರೇಲಿಯಾದಲ್ಲಿ 2012ರಲ್ಲಿ ಆ ಕಂತನ್ನೇ ಹಿಂತೆಗೆದುಕೊಂಡರು. ಹೋಗಲಿ, ಅದು ಭೂಗೋಳದ ತಪ್ಪು. ನನ್ನ ಹೊಟ್ಟೆ ಉರಿಸುವುದು ಪೊರಿಗಾನ್ ಕಥೆ.

1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತು ಬಂತು. ಅದರ ಹೀರೋ ಪಿಕಾಚೂ ಮಿಂಚು ಹೊಡೆದು ಕ್ಷಿಪಣಿಗಳನ್ನು ಸಿಡಿಸಿದಾಗ ಪರದೆಯ ತುಂಬ ಕೆಂಪು-ನೀಲಿ ಬೆಳಕು ಪಟಪಟ ಮಿನುಗಿತು. ಅದನ್ನು ನೋಡಿ ಸುಮಾರು 685 ಮಕ್ಕಳು ಆಸ್ಪತ್ರೆ ಸೇರಿದರು. ನಾಲ್ಕು ತಿಂಗಳು ಕಾರ್ಯಕ್ರಮವೇ ನಿಂತಿತು. ಮರಳಿ ಬಂದಾಗ ಪಿಕಾಚೂ ಮೊದಲಿನಂತೆ ಹೀರೋ. ಆ ಕಂತಿನಲ್ಲಿ ಅತಿಥಿಯಾಗಿ ಬಂದಿದ್ದ ಪೊರಿಗಾನ್ ಎಂಬ ಪಾಪದ ಗುಲಾಬಿ-ನೀಲಿ ಜೀವಕ್ಕೆ ಮಾತ್ರ ಕಥೆಯಲ್ಲಿ ಮತ್ತೆಂದೂ ಪಾತ್ರ ಸಿಗಲಿಲ್ಲ. ಮಿಂಚು ಹೊಡೆದವನು ಯಾರು, ಮನೆಗೆ ಹೋದವನು ಯಾರು!

ನನಗಿಷ್ಟು ಸಿಟ್ಟು ಯಾಕೆಂದರೆ ನಾನೂ ಪೊರಿಗಾನೇ.

1999. ಭಾನುವಾರ ಮಧ್ಯಾಹ್ನ 12ಕ್ಕೆ ದೂರದರ್ಶನದಲ್ಲಿ ಶಕ್ತಿಮಾನ್. ಅವನು ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಮೇಲಿನಿಂದ ಹಾರಿದ ಸುದ್ದಿಗಳು ಪೇಪರಿನಲ್ಲಿ ಬರುತ್ತಿದ್ದ ಕಾಲ. ಹೀಗೆಲ್ಲ ಮಾಡಬೇಡಿ ಎಂದು ಶಕ್ತಿಮಾನ್ ಪಾತ್ರದ ಮುಕೇಶ್ ಖನ್ನಾ ತಾವೇ ಪರದೆಯ ಮೇಲೆ ಬಂದು ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ನನ್ನ ತಮ್ಮ ಆ ಭಾಗ ಬರುವ ಹೊತ್ತಿಗೆ ಎದ್ದು ಹೋಗಿರುತ್ತಿದ್ದ. ಅಂದು ಅಪ್ಪನ ಕೆಂಪು ಪಂಚೆ ಕೊರಳಿಗೆ ಕಟ್ಟಿ, ಒಂದು ಕೈ ಮೇಲೆತ್ತಿ, ಅಡುಗೆಮನೆಯಲ್ಲಿ ಶಕ್ತಿಮಾನ್‌ನಂತೆ ಗಿರಗಿರ ತಿರುಗಿದ. ಒಂದು ಕೋಣೆಯ ಅರ್ಧವೇ ನಮ್ಮ ಅಡುಗೆಮನೆ. ಅದರಲ್ಲಿ ತಿರುಗಲಿಕ್ಕೆ ಜಾಗವೆಲ್ಲಿ? ಹದಿನೇಳನೆಯ ಸುತ್ತಿಗೆ ಪಂಚೆಯ ಚುಂಗು ಭರಣಿಗೆ ಸಿಕ್ಕಿತು. ಧಾರವಾಡದಿಂದ ಅವ್ವ ರೈಲಿನಲ್ಲಿ ರಾತ್ರಿಯಿಡೀ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಮಾವಿನ ಉಪ್ಪಿನಕಾಯಿ. ಎಣ್ಣೆ ಮೊದಲು ಫರಸಿಯ ಸಂದುಗಳಲ್ಲಿ ಹರಿಯಿತು, ಹೋಳುಗಳು ನಿಧಾನಕ್ಕೆ ಅದರ ಹಿಂದೆ ಜಾರಿದವು. ಸಾಸಿವೆ ಘಾಟಿಗೆ ಪಕ್ಕದ ಮನೆಯ ಕಾಕೂ ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡು ನಿಂತಳು. ತಮ್ಮ ಹಣೆ ಹಿಡಿದುಕೊಂಡು ಅಳತೊಡಗಿದ. ಗಾಯ ಏನಿರಲಿಲ್ಲ, ನಾನು ನೋಡಿದ್ದೇನೆ.

ಏಟು ಬಿದ್ದದ್ದು ನನಗೆ. "ನೀ ದೊಡ್ಡಾಕಿ, ನೋಡಿಕೋಬೇಕಿತ್ತು!" ನಾನು ನೋಡುತ್ತಲೇ ಇದ್ದೆ. ಹದಿನೇಳು ಎಂದು ಹೇಗೆ ಗೊತ್ತೆಂದರೆ, ಸುತ್ತು ಎಣಿಸುತ್ತಿದ್ದವಳು ನಾನೇ. ಗಟ್ಟಿಯಾಗಿ. ಅದೂ ಒಂದು ಅಪರಾಧವೇ? ಒಂದು ತಿಂಗಳು ನನಗೆ ಶಕ್ತಿಮಾನ್ ಇಲ್ಲ. ಅವನು ಮಾತ್ರ ಹಣೆಗೆ ಅರಿಸಿನ ಹಚ್ಚಿಸಿಕೊಂಡು ನೋಡಿದ. ಬಾಗಿಲ ಹಿಂದೆ ನಿಂತು ನಾನು ಬರೀ ಧ್ವನಿ ಕೇಳಿದೆ.

2020ರಲ್ಲಿ ಪೊಕೆಮಾನ್‌ನವರ ಅಧಿಕೃತ ಟ್ವಿಟರ್ ಖಾತೆ, ಪೊರಿಗಾನ್ ಯಾವ ತಪ್ಪೂ ಮಾಡಿಲ್ಲ ಎಂದು ಬರೆಯಿತು. ಇಪ್ಪತ್ತಮೂರು ವರ್ಷದ ಮೇಲೆ! ಆಮೇಲೆ ಅದನ್ನೂ ಅಳಿಸಿಹಾಕಿದರು.

ನಿನ್ನೆ ತಮ್ಮ ಪುಣೆಯಿಂದ ಬಂದಿದ್ದ. ಊಟಕ್ಕೆ ಕೂತಾಗ ಅವ್ವ ಮೊಮ್ಮಗನ ಕೈಗೆ ಭರಣಿ ಕೊಟ್ಟು, "ಹುಷಾರು, ಮ್ಯಾಲಿಡು. ನಿಮ್ಮವ್ವ ಸಣ್ಣಾಕಿದ್ದಾಗ ಒಂದು ಒಡದಾಳ" ಅಂದಳು. ನಾನು ತಮ್ಮನ ಮುಖ ನೋಡಿದೆ. ಅವನು ಮೊಸರನ್ನ ಕಲಸುತ್ತ, ಇನ್ನೊಂದು ಹೋಳು ಬಾಯಿಗೆ ಹಾಕಿಕೊಂಡು ಹೇಳಿದ: "ಈ ಸಲ ಉಪ್ಪು ಸ್ವಲ್ಪ ಕಡಿಮಿ ಆಗೇದ ನೋಡವಾ."