ಸ್ಲೈಸ್ ತುಂಬಿದ ಮೇಲೆ ಹೊಸಬರನ್ನು ತಡೆಯಬೇಕೇ?

ಪರ: ಕೊಟ್ಟ ಮಾತು ಉಳಿಯಬೇಕು

ತಡೆಯಲೇಬೇಕು. ಸ್ಲೈಸ್ ಅಂದರೆ ಒಂದೇ 5ಜಿ ನೆಟ್‌ವರ್ಕ್‌ನಲ್ಲಿ ಒಂದು ಬಗೆಯ ಸೇವೆಗೆ ಅಥವಾ ಗ್ರಾಹಕರಿಗೆ ಬೇರೆ ಮಾಡಿಟ್ಟ ಪಾಲು. 3.5 ಗಿಗಾಹರ್ಟ್ಸ್‌ನಲ್ಲಿ 100 ಮೆಗಾಹರ್ಟ್ಸ್ ಅಗಲದ 5ಜಿ ಸೆಲ್‌ಗೆ (ಟವರ್‌ನ ಒಂದು ಆಂಟೆನಾ ಮುಟ್ಟುವ ಜಾಗಕ್ಕೆ) ಸಾಮಾನ್ಯವಾಗಿ ಸಿಗುವುದು 273 ರಿಸೋರ್ಸ್ ಬ್ಲಾಕ್, ಅಂದರೆ ಫೋನ್‌ಗಳಿಗೆ ಹಂಚಲು ತರಂಗಾಂತರದ ಅಷ್ಟು ತುಂಡು. ನೂರು ಜನ ಬಂದರೂ ಅಷ್ಟೇ, ಸಾವಿರ ಜನ ಬಂದರೂ ಅಷ್ಟೇ. ಆಂಬುಲೆನ್ಸ್‌ನಿಂದ ಆಸ್ಪತ್ರೆಗೆ ವಿಡಿಯೋ ಕಳಿಸಲು ಇಷ್ಟು ವೇಗ ಗ್ಯಾರಂಟಿ ಅಂತ ಒಪ್ಪಂದ ಮಾಡಿಕೊಂಡು, ಆಮೇಲೆ ಬಂದವರನ್ನೆಲ್ಲ ಅದೇ ಸ್ಲೈಸ್‌ಗೆ ಬಿಟ್ಟುಕೊಂಡರೆ ಯಾರ ವಿಡಿಯೋನೂ ನೆಟ್ಟಗೆ ಹೋಗುವುದಿಲ್ಲ. ಎಲ್ಲರನ್ನೂ ಬಿಡಿ ಅನ್ನುವವರಿಗೆ ಟವರ್ ಅಂದರೆ ಅಕ್ಷಯಪಾತ್ರೆ.

ಇದಕ್ಕೆಂದೇ ಮೊಬೈಲ್ ನೆಟ್‌ವರ್ಕ್‌ಗಳ ಮಾನದಂಡ ಬರೆಯುವ ಸಂಸ್ಥೆ 3ಜಿಪಿಪಿ, ತನ್ನ ಮಾನದಂಡದ ರಿಲೀಸ್ 17ರಲ್ಲಿ ಎನ್‌ಎಸ್‌ಎಸಿಎಫ್ ಅನ್ನುವ, ಸ್ಲೈಸ್‌ಗೆ ಪ್ರವೇಶ ನಿಯಂತ್ರಿಸುವ ಭಾಗ ಸೇರಿಸಿತು. ಸ್ಲೈಸ್‌ನಲ್ಲಿ ಎಷ್ಟು ಫೋನ್ ಇವೆ, ಎಷ್ಟು ಡೇಟಾ ಸೆಷನ್ ನಡೆಯುತ್ತಿವೆ ಅಂತ ಅದು ಎಣಿಸುತ್ತದೆ. ಮಿತಿ ಮುಟ್ಟಿತೋ, ಹೊಸಬರಿಗೆ ಇಲ್ಲ. ತುರ್ತು ಸೇವೆಗೆ ವಿನಾಯಿತಿ ಕೊಡಬಹುದು.

ಮೀಸಲಿಟ್ಟದ್ದು ಸುಮ್ನೆ ಖಾಲಿ ಬೀಳುತ್ತೆ ಅನ್ನುವ ದೂರು ಅರ್ಧ ಸತ್ಯ. ಟವರ್‌ನಲ್ಲಿ ಸ್ಲೈಸ್‌ಗೆ ಮೂರು ಅಳತೆ ಇಡಬಹುದು: ಬೇರೆಯವರು ಮುಟ್ಟಲಾಗದ ಪಾಲು, ಕೇಳಿದಾಗ ಸಿಗಲೇಬೇಕಾದ ಕನಿಷ್ಠ, ದಾಟಬಾರದ ಗರಿಷ್ಠ. ಆ ಕನಿಷ್ಠ ಪಾಲು ಬಿಡುವಾಗಿದ್ದಾಗ ಬೇರೆಯವರೂ ಬಳಸಬಹುದು. ಮೊದಲನೆಯದನ್ನು ಚಿಕ್ಕದಾಗಿಟ್ಟು ಕನಿಷ್ಠವನ್ನು ದೊಡ್ಡದು ಮಾಡಿ, ಜಾಸ್ತಿ ಏನೂ ಪೋಲಾಗುವುದಿಲ್ಲ. ಆದರೆ ಒಳಗಿರುವವರ ಸಂಖ್ಯೆಗೆ ಮಿತಿ ಇಲ್ಲದಿದ್ದರೆ ಈ ಯಾವ ಅಳತೆಯೂ ಆಂಬುಲೆನ್ಸ್‌ನ ವೇಗ ಉಳಿಸುವುದಿಲ್ಲ.

ವಿರೋಧ: ಹೊರಗೆ ಉಳಿದವರ ಕಥೆ ಏನು?

ಈ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಆಂಬುಲೆನ್ಸ್ ವಿಷಯದಲ್ಲಿ ನನಗೂ ತಕರಾರಿಲ್ಲ. ಆದರೆ ಸ್ಲೈಸ್ ಕೊಳ್ಳುವವರೆಲ್ಲ ಆಂಬುಲೆನ್ಸ್‌ನವರಲ್ಲ ಅಲ್ವಾ? ದುಡ್ಡಿದ್ದವರು ಪಾಲು ಹಿಡಿದಷ್ಟೂ ಮಾಮೂಲಿ ರೀಚಾರ್ಜ್‌ನವರಿಗೆ ಉಳಿಯುವುದು ಕಡಿಮೆ.

ಒಮ್ಮೆ ಮೈಸೂರಲ್ಲಿ ಜಂಬೂಸವಾರಿ ದಿನ ಅಮ್ಮ ಗುಂಪಿನಲ್ಲಿ ನಮ್ಮಿಂದ ತಪ್ಪಿಹೋದರು. ಫೋನಲ್ಲಿ ಸಿಗ್ನಲ್ ಪೂರ್ತಿ ತೋರಿಸುತ್ತಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ತಮ್ಮ ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ಹುಡುಕುತ್ತಾ ಹೋದ, ನಾನು ನಿಂತಲ್ಲೇ ಮತ್ತೆ ಮತ್ತೆ ನಂಬರ್ ಒತ್ತುತ್ತಿದ್ದೆ. ಗುಂಪು ಕರಗಿದ ಮೇಲೆ ಯಾರದೋ ಫೋನಿಂದ ಅಮ್ಮನೇ ಕರೆ ಮಾಡಿದರು. ಸಕ್ಕರೆ ಕಾಯಿಲೆಯವರು, ಮಾತ್ರೆ ನನ್ನ ಚೀಲದಲ್ಲಿತ್ತು. ನೆಟ್‌ವರ್ಕ್‌ನ ಲೆಕ್ಕದಲ್ಲಿ ಆ ಕರೆ ತುರ್ತಲ್ಲ, ಮಾಮೂಲಿ.

ಇನ್ನೊಂದು. ಆ ಎನ್‌ಎಸ್‌ಎಸಿಎಫ್ ಎಣಿಸುವುದು ತಲೆಯನ್ನು, ಟವರ್ ಮೇಲಿನ ಹೊರೆಯನ್ನಲ್ಲ. ನೀರಿನ ಮೀಟರೂ ಒಂದು, ಲೈವ್ ವಿಡಿಯೋ ಕ್ಯಾಮೆರಾನೂ ಒಂದು.

2018ರಲ್ಲಿ ಕೇಂದ್ರ ಒಪ್ಪಿದ ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್‌ನಲ್ಲಿ ಹೋಗುವುದರಲ್ಲಿ ಭೇದ ಮಾಡಬಾರದು ಅನ್ನುವ) ನಿಯಮ ವಿಶೇಷ ಸೇವೆಗಳಿಗೆ ವಿನಾಯಿತಿ ಕೊಟ್ಟಿದೆ ನಿಜ. ಆದರೆ ಅದರಿಂದ ಸಾಮಾನ್ಯ ಇಂಟರ್ನೆಟ್‌ನ ಗುಣಮಟ್ಟ ಕೆಡಬಾರದು. ಹಾಗಾಗಿ ಮಾಮೂಲಿ ಗ್ರಾಹಕರಿಗೂ ಪ್ರತಿ ಟವರ್‌ನಲ್ಲಿ ಒಂದು ಕನಿಷ್ಠ ಪಾಲು ಬರೆದಿಡಲಿ. ತಡೆಯುವ ಮಾತು ಆಮೇಲೆ.