ಸಂಪಿನ ಮೇಲೆ ನಿಲ್ಲುವವನ ಕೆಲಸ

ನಮ್ಮ ಪ್ಲಂಬಿಂಗ್ ಕೆಲಸಗಾರರು ಮ್ಯಾನ್‌ಹೋಲ್‌ಗೆ ಹೆದರುತ್ತಾರೆ, ಸಂಪಿಗೆ ಹೆದರುವುದಿಲ್ಲ. ಕುಡಿಯುವ ನೀರಿನ ತೊಟ್ಟಿಯಲ್ಲಿ ಎಲ್ಲಿಯ ವಿಷಗಾಳಿ ಎಂಬುದು ಅವರ ನಂಬಿಕೆ. ಆದರೆ ಹೊಸದಾಗಿ ಕಟ್ಟಿ, ಬಾಯಿ ಮುಚ್ಚಿ, ವಾರಗಟ್ಟಲೆ ಹಾಗೆಯೇ ಬಿಟ್ಟ ಸಂಪಿನೊಳಗೆ ಸೆಂಟ್ರಿಂಗ್ ಹಲಗೆಗಳು (ಕಾಂಕ್ರೀಟ್ ಹಾಕಲು ಆಧಾರವಾಗಿ ಕಟ್ಟಿದ ಮರದ ಹಲಗೆಗಳು) ತೇವಕ್ಕೆ ಕೊಳೆಯುತ್ತ ಅಲ್ಲಿದ್ದ ಆಮ್ಲಜನಕವನ್ನೇ ಕಬಳಿಸಿರಬಹುದು. ಅಂಥಲ್ಲಿ ಯಾವ ವಾಸನೆಯೂ ಇರುವುದಿಲ್ಲ, ಇಳಿದವನಿಗೆ ಮೇಲಕ್ಕೆ ಕೂಗುವಷ್ಟು ಸಮಯವೂ ಸಿಗುವುದಿಲ್ಲ. ಹಳೆಯ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿ, ಕಲೆ ಹೋಗಲಿಲ್ಲವೆಂದು ಅದರ ಮೇಲೆಯೇ ಆ್ಯಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಪೆಟ್ರೋಲ್ ಪಂಪ್‌ಸೆಟ್ಟನ್ನು ಒಳಗಿಳಿಸಿ ನೀರೆತ್ತಿದರೆ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಅಲ್ಲಿಯೇ ತುಂಬಿಕೊಳ್ಳುತ್ತದೆ.

ಸೆಪ್ಟಿಕ್ ಟ್ಯಾಂಕ್ ಮತ್ತು ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಲ್ಲಿ) ಮೂಗನ್ನು ನಂಬುವುದು ಇನ್ನೂ ಅಪಾಯಕರ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು ಭಾಗ) ಮುಟ್ಟಿದಾಗ ಮೂಗು ಮರಗಟ್ಟಿ, ವಾಸನೆ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಮೇಣದಬತ್ತಿ ಇಳಿಸಿ ನೋಡುವ ಹಳೆಯ ಪದ್ಧತಿ ಈ ಅನಿಲವನ್ನು ಪತ್ತೆ ಹಚ್ಚುವುದಿಲ್ಲ. ಬೆಂಕಿ ಹೊತ್ತಿಕೊಳ್ಳುವ ಮೀಥೇನ್ ಅನಿಲ ಇದ್ದರೆ ಆ ಬತ್ತಿಯೇ ಅದಕ್ಕೆ ಕಿಡಿಯಾಗುತ್ತದೆ. ನಾಲ್ಕು ಅನಿಲಗಳನ್ನು ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು, ಏಕೆಂದರೆ ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಇಳಿಯುವಂತಿಲ್ಲ. ಹೊರಗಿನ ಗಾಳಿಯನ್ನು ಒಳಗೆ ಊದುವ ಬ್ಲೋವರಿನ ಕೊಳವೆ ತಳ ಮುಟ್ಟುವಂತಿರಬೇಕು, ಕೆಲಸ ಮುಗಿಯುವವರೆಗೂ ಅದು ಓಡುತ್ತಿರಬೇಕು. ಮುಖಕ್ಕೆ ಕಟ್ಟುವ ಬಟ್ಟೆಯಾಗಲಿ ಧೂಳಿನ ಮಾಸ್ಕಾಗಲಿ ಇಲ್ಲಿ ಯಾವ ಉಪಯೋಗಕ್ಕೂ ಬಾರದು.

ಇಷ್ಟೆಲ್ಲ ಇದ್ದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯನಾದವನು ಮೇಲೆ ನಿಲ್ಲುವವನು, ಅಂದರೆ ಬಾಯಿಯ ಬಳಿ ನಿಂತು ಇಳಿದವನನ್ನು ಕಾಯುವವನು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಷ್, ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರ ಪೈಕಿ ಶೇ. 60ಕ್ಕೂ ಹೆಚ್ಚು ಜನ ಕಾಪಾಡಲು ಇಳಿದವರೇ ಎಂದು 1986ರಲ್ಲಿಯೇ ಎಚ್ಚರಿಸಿತ್ತು. ಅಣ್ಣ ಬಿದ್ದನೆಂದು ತಮ್ಮ, ತಮ್ಮ ಬಿದ್ದನೆಂದು ಮೇಸ್ತ್ರಿ ಇಳಿದ ಸುದ್ದಿಗಳನ್ನು ನಾವೂ ಓದುತ್ತಲೇ ಇದ್ದೇವೆ. ಅದನ್ನು ತಡೆಯುವ ಉಪಾಯ ಕಷ್ಟದ್ದಲ್ಲ: ಇಳಿಯುವವನಿಗೆ ಮೈತುಂಬ ಹಾರ್ನೆಸ್ (ಸುರಕ್ಷತಾ ಪಟ್ಟಿ), ಅದರ ಹಗ್ಗ ಬಾಯಿಯ ಮೇಲೆ ನಿಲ್ಲಿಸಿದ ಮೂರು ಕಾಲಿನ ಟ್ರೈಪಾಡಿನ ವಿಂಚಿಗೆ (ಹಗ್ಗ ಸುತ್ತಿ ಮೇಲೆತ್ತುವ ರಾಟೆಗೆ), ಮೇಲಿನವನ ಕೈ ಆ ವಿಂಚಿನ ಮೇಲೆ. ಅವನು ಬೀಡಿ ತರಲು ಹೋಗಬಾರದು, ಇನ್ನೊಂದು ಪೈಪ್ ಕತ್ತರಿಸಲು ಕೂರಬಾರದು, ಏನೇ ಆದರೂ ಒಳಗೆ ಇಳಿಯಬಾರದು.

ಮಾಲೀಕರಿಗೆ ಮಾತ್ರ ಅವನು ಸುಮ್ಮನೆ ನಿಂತು ಕೂಲಿ ಪಡೆಯುವವನಂತೆ ಕಾಣುತ್ತಾನೆ. ರಕ್ಷಣಾ ಸಲಕರಣೆ ಕೊಡದೆ ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಗೆ ಸ್ವಚ್ಛತೆಗಾಗಿ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಒಳಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹೀಗಿದ್ದೂ ಚೌಕಾಸಿಯೆಲ್ಲ ಆ ಒಬ್ಬನ ದಿನಗೂಲಿಯ ಮೇಲೆಯೇ. ನಾನು ಕೊಟೇಶನ್‌ನಲ್ಲಿ ಮೇಲಿನವನ ಕೂಲಿ, ಮೀಟರ್, ಬ್ಲೋವರ್ ಮೂರನ್ನೂ ಬೇರೆ ಬೇರೆ ಸಾಲಾಗಿ ಬರೆಯುತ್ತೇನೆ, ಆ ಸಾಲುಗಳನ್ನು ತೆಗೆಯಿರಿ ಎಂದವರ ಕೆಲಸವನ್ನು ಒಪ್ಪುವುದಿಲ್ಲ. ಆ ಕೆಲಸ ಅರ್ಧ ದರಕ್ಕೆ ಇನ್ನೊಬ್ಬರ ಪಾಲಾಗುತ್ತದೆಂಬುದು ನನಗೆ ಗೊತ್ತು. ಆದ್ದರಿಂದಲೇ ಅಪಾರ್ಟ್‌ಮೆಂಟ್ ಸಂಘಗಳು ಈ ಮೂರು ಸಾಲುಗಳಿಲ್ಲದ ಕೊಟೇಶನ್ ಯಾರಿಂದಲೂ ಪಡೆಯಬಾರದೆಂದು ಕೇಳಿಕೊಳ್ಳುತ್ತಿದ್ದೇನೆ.